ಕಣ್ಣು ಮುಚ್ಚಿ ಕೈ ಪಳಗಿಸಬಹುದಾ? ವಾಚು, ಸೂಜಿ, ಬೆಸುಗೆ ಕೆಲಸದವರು ಹೇಳಿ

ಟಿಕ್‌ಟಿಕ್_ಮಲ್ಲೇಶ್ವರ

ಹಗಲು ಸಾಫ್ಟ್‌ವೇರ್, ರಾತ್ರಿ ಹಳೇ ವಾಚು. ಅಂಗಡಿ ಇಟ್ಟಿಲ್ಲ, ದುಡ್ಡಿಗೂ ಮಾಡುವುದಿಲ್ಲ, ಸುಮ್ನೆ ಹುಚ್ಚು. ನನ್ನ ಹತ್ತಿರ ಇರುವುದು ಜಾಸ್ತಿ ಎಚ್‌ಎಂಟಿ ಜನತಾ. ಕೀಲಿ ಕೊಡುವಂಥದ್ದು, 17 ಜ್ಯುವೆಲ್, ಅಂದರೆ ಒಳಗೆ ಸವೆತ ತಡೆಯಲು 17 ಪುಟ್ಟ ಕಲ್ಲು. ಬಿಚ್ಚುವುದು, ತೊಳೆಯುವುದು, ಎಣ್ಣೆ ಹಾಕುವುದು ಎಲ್ಲ ಆರಾಮಾಗಿ ಆಗುತ್ತದೆ. ಬ್ಯಾಲೆನ್ಸ್ ಕೂರಿಸುವಾಗ ಮಾತ್ರ ಕೈ ಮಾತು ಕೇಳುವುದಿಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ವಾಚಿನೊಳಗೆ ಹಿಂದೆ ಮುಂದೆ ತಿರುಗುತ್ತಿರುತ್ತದಲ್ಲ, ಆ ಚಕ್ರವೇ ಬ್ಯಾಲೆನ್ಸ್. ಅದು ತೆಳ್ಳಗಿನ ಹೇರ್‌ಸ್ಪ್ರಿಂಗ್ ಮೂಲಕ ಮೇಲಿನ ಒಂದು ತುಂಡಿಗೆ ಅಂಟಿಕೊಂಡಿರುತ್ತದೆ. ಆ ತುಂಡಿಗೆ ಕಾಕ್ ಅನ್ನುತ್ತಾರೆ. ಕಾಕನ್ನು ಟ್ವೀಜರ್‌ನಲ್ಲಿ ಎತ್ತಿದರೆ ಚಕ್ರ ಕೆಳಗೆ ಜೋತಾಡುತ್ತದೆ. ಜೋತಾಡುವ ಚಕ್ರದ ಕೆಳಗಿನ ಮೊನೆ, ಅಂದರೆ ಪಿವಟ್, 0.1 ಮಿಲಿಮೀಟರ್ ಆಸುಪಾಸು ದಪ್ಪ. ಅದು ಕೆಳಗಿನ ಕಲ್ಲಿನ ತೂತಿಗೆ ಇಳಿಯಬೇಕು. ಅದೇ ಹೊತ್ತಿಗೆ ಚಕ್ರದ ಅಡಿಯ ಪುಟ್ಟ ಕಲ್ಲು ಪ್ಯಾಲೆಟ್ ಫೋರ್ಕಿನ (ಚಕ್ರವನ್ನು ತಳ್ಳುವ ಕವಲು ತುಂಡು) ಸಂದಿಗೆ ಹೋಗಬೇಕು. ಆಮೇಲೆ ಮೇಲಿನ ಪಿವಟ್. ಮೂರೂ ಕೂತ ಮೇಲೆ ಸ್ಕ್ರೂ. ಪಿವಟ್ ತೂತಿನಿಂದ ಹೊರಗಿರುವಾಗ ಸ್ಕ್ರೂ ಬಿಗಿಸಿದರೆ ಅದು ಮುರಿಯಿತು ಅಂತಲೇ ಲೆಕ್ಕ.

ಆಫೀಸಿನಲ್ಲಿ ಒಬ್ಬರು ಹೇಳಿದರು: "ಮೊದಲು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೂರಿಸು, ಆಮೇಲೆ ಕೈ ಹಾಕು." ಈಗ ಗ್ರೀನ್ ಲೈನ್ ಮೆಟ್ರೋದಲ್ಲಿ ಹೋಗುವಾಗ ಬರುವಾಗ ಅದನ್ನೇ ಮಾಡುತ್ತಿದ್ದೇನೆ. ಉಪಯೋಗ ಆಗುತ್ತಿದೆಯೋ ಇಲ್ಲವೋ ಹೇಳಲು ಬರುತ್ತಿಲ್ಲ. ಇದರಲ್ಲಿ ನಿಜಕ್ಕೂ ಹುರುಳಿದೆಯಾ? ಅಥವಾ ಮೋಟಿವೇಶನ್ ಭಾಷಣದ ಸರಕಾ?

ಸಂಶಯ_ಪ್ರಾಣಿ

ಭಾಷಣದ ಸರಕೇ. ಕೈ ಕೆಲಸ ಕೈಯಿಂದಲೇ ಬರಬೇಕು ಗುರು. ಈಜುವುದನ್ನು ಮೆಟ್ರೋದಲ್ಲಿ ಕೂತು ಕಲಿಯಲು ಆಗುತ್ತದಾ?

ಮೊದಲು ಇದಕ್ಕೆ ಉತ್ತರ ಕೊಡಿ: ಯಾವ ಟೇಬಲ್ ಮೇಲೆ ಕೆಲಸ ಮಾಡುತ್ತೀರಿ? ಕೆಲಸಕ್ಕೆ ಮುಂಚೆ ಕಾಫಿ ಎಷ್ಟು?

ಟಿಕ್‌ಟಿಕ್_ಮಲ್ಲೇಶ್ವರ

ಊಟದ ಟೇಬಲ್. ಕಾಫಿ... ಮಲ್ಲೇಶ್ವರದವನ ಹತ್ತಿರ ಇದನ್ನು ಕೇಳಬಾರದು ಸರ್.

ಸಂಶಯ_ಪ್ರಾಣಿ

ನೋಡಿ, ಸಿಕ್ಕಿತಲ್ಲ. ಎಲ್ಲರ ಕೈಯೂ ಸ್ವಲ್ಪ ನಡುಗುತ್ತದೆ, ಆರೋಗ್ಯವಂತರದ್ದೂ. ಸೆಕೆಂಡಿಗೆ ಸುಮಾರು 8ರಿಂದ 12 ಸಲ. ಬರಿಗಣ್ಣಿಗೆ ಕಾಣುವುದಿಲ್ಲ, ಐ ಗ್ಲಾಸ್ (ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ) ಹಾಕಿದಾಗ ಎದ್ದು ಕಾಣುತ್ತದೆ. ಕಾಫಿ, ನಿದ್ದೆಗೇಡು, ಗಾಬರಿ, ಸುಸ್ತು ಎಲ್ಲವೂ ಅದನ್ನು ಹೆಚ್ಚಿಸುತ್ತವೆ. ಕಣ್ಣು ಮುಚ್ಚಿ ಧ್ಯಾನ ಮಾಡಿದರೆ ಅದು ಹೋಗುವುದಿಲ್ಲ. ಮುಂಗೈಗೆ ಆಸರೆ ಕೊಟ್ಟರೆ ಕಡಿಮೆಯಾಗುತ್ತದೆ. ವಾಚು ರಿಪೇರಿಯವರ ಬೆಂಚು ಯಾಕೆ ಎದೆಮಟ್ಟಕ್ಕೆ ಇರುತ್ತದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ?

ಫಿಸಿಯೋ_ಜಯನಗರ

ಸಂಶಯ ಸರ್ ಹೇಳಿದ ನಡುಕದ ಮಾತು ಪೂರ್ತಿ ಸರಿ. ಆದರೆ "ಭಾಷಣದ ಸರಕು" ಅನ್ನುವುದನ್ನು ಒಪ್ಪಲಾರೆ. ನಮ್ಮ ಕೆಲಸದಲ್ಲಿ ಪಾರ್ಶ್ವವಾಯು ಆದವರಿಗೆ ಇದನ್ನು ಅಭ್ಯಾಸ ಮಾಡಿಸುತ್ತೇವೆ. ಏಳದ ಕೈಯನ್ನು ಎತ್ತಿದಂತೆ ಮನಸ್ಸಿನಲ್ಲಿ ಮಾಡಿಸುವುದು, ಜೊತೆಗೆ ನಿಜವಾದ ವ್ಯಾಯಾಮ. ಇದೊಂದೇ ಸಾಕಾಗುವುದಿಲ್ಲ. ಜೊತೆಗಿದ್ದರೆ ಸಹಾಯ ಆಗುತ್ತದೆ.

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ.

1992ರಲ್ಲಿ ಯುವೆ ಮತ್ತು ಕೋಲ್ ಅನ್ನುವ ಇಬ್ಬರು ಕಿರುಬೆರಳಿನ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ನಾಲ್ಕು ವಾರ ಬೆರಳನ್ನು ನಿಜವಾಗಿ ಬಲ ಹಾಕಿ ಚಾಚಿತು. ಇನ್ನೊಂದು ಗುಂಪು ಹಾಗೆ ಮಾಡುತ್ತಿದ್ದೇನೆ ಅಂತ ಕಲ್ಪಿಸಿಕೊಂಡಿತು, ಅಷ್ಟೇ. ನಿಜವಾಗಿ ಮಾಡಿದವರ ಬಲ ಸುಮಾರು ಶೇ. 30 ಏರಿತು. ಕಲ್ಪಿಸಿಕೊಂಡವರದ್ದು ಶೇ. 22. ಸ್ನಾಯು ಬೆಳೆದು ಬಂದ ಬಲ ಅಲ್ಲ ಅದು. ಮಿದುಳು ಆ ಸ್ನಾಯುವಿಗೆ ಕೊಡುವ ಅಪ್ಪಣೆ ಗಟ್ಟಿಯಾಯಿತು.

1995ರಲ್ಲಿ ಪಾಸ್ಕುವಲ್-ಲಿಯೋನೆ ಮತ್ತು ಜೊತೆಗಾರರು ಪಿಯಾನೋ ಬಾರದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ದಿನಕ್ಕೆ 2 ಗಂಟೆ, 5 ದಿನ. ಕೆಲವರು ನುಡಿಸಿದರು. ಕೆಲವರು ಪಿಯಾನೋ ಮುಂದೆ ಕೂತು, ಬೆರಳು ಆಡಿಸದೆ, ನುಡಿಸುವುದನ್ನು ಕಲ್ಪಿಸಿಕೊಂಡರು. ಐದು ದಿನ ಕಳೆದಾಗ ಕಲ್ಪಿಸಿಕೊಂಡವರು ನುಡಿಸಿದವರ ಮೂರನೇ ದಿನದ ಮಟ್ಟದಲ್ಲಿದ್ದರು. ಮಿದುಳಿನಲ್ಲಿ ಬೆರಳುಗಳಿಗೆ ಸೇರಿದ ಜಾಗ ಎರಡೂ ಗುಂಪಿನಲ್ಲಿ ಹಿಗ್ಗಿತ್ತು. ನನಗೆ ಇಷ್ಟವಾದ ವಿಷಯ ಆಮೇಲಿನದು. ಕಲ್ಪಿಸಿಕೊಂಡವರಿಗೆ ಒಂದೇ ಒಂದು ಸಲ 2 ಗಂಟೆ ನಿಜವಾಗಿ ನುಡಿಸಲು ಕೊಟ್ಟರು. ಐದು ದಿನ ನುಡಿಸಿದವರ ಮಟ್ಟ ಮುಟ್ಟಿಬಿಟ್ಟರು. ಅಂದರೆ ಮನಸ್ಸಿನ ಅಭ್ಯಾಸ ಕೈಗೆ ಬದಲಿಯಲ್ಲ, ಕೈ ಬೇಗ ಕಲಿಯಲು ಮಾಡಿಟ್ಟ ತಯಾರಿ.

ಹಾಗಂತ ಮೆಟ್ರೋ ಸಾಲದು. ಪಿಯಾನೋದವರನ್ನು ಪಿಯಾನೋ ಮುಂದೆಯೇ ಕೂರಿಸಿದ್ದರು, ಗಮನಿಸಿ. ಅದೇ ಕುರ್ಚಿ, ಅದೇ ಬೆಳಕು, ಕೈಯಲ್ಲಿ ಅದೇ ಟ್ವೀಜರ್. ವೇಗವೂ ಅಷ್ಟೇ ಇರಬೇಕು. ಕೆಲಸಕ್ಕೆ ಎಷ್ಟು ಹೊತ್ತು ಬೇಕೋ ಮನಸ್ಸಿನಲ್ಲೂ ಅಷ್ಟೇ ಹೊತ್ತು. ಚೆನ್ನಾಗಿ ಕಲಿತ ಕೆಲಸದಲ್ಲಿ ಎರಡೂ ತಾನಾಗಿಯೇ ಹೊಂದುತ್ತವೆ. ಗುರಿ ಚಿಕ್ಕದಾದಷ್ಟೂ ಕೈ ನಿಧಾನವಾಗುತ್ತದೆ, ಇದು 1954ರಿಂದ ಫಿಟ್ಸ್ ನಿಯಮ ಅಂತ ಗೊತ್ತಿರುವ ಮಾತು. ವಿಚಿತ್ರ ಅಂದರೆ ಕಲ್ಪಿಸಿಕೊಂಡ ಚಲನೆಯೂ ಹಾಗೇ ನಿಧಾನವಾಗುತ್ತದೆ ಅಂತ ಡೆಸೆಟಿ, ಜಾನ್ನರೋ ಮುಂತಾದವರು ತೋರಿಸಿದ್ದಾರೆ. ನಿಮ್ಮ ಬ್ಯಾಲೆನ್ಸ್ ಮನಸ್ಸಿನಲ್ಲಿ ಎರಡು ಸೆಕೆಂಡಿಗೆ ಕೂತುಬಿಡುತ್ತಿದ್ದರೆ ನೀವು ಅಭ್ಯಾಸ ಮಾಡುತ್ತಿಲ್ಲ, ಸಿನಿಮಾ ನೋಡುತ್ತಿದ್ದೀರಿ.

ನಿವೃತ್ತ_ಜಾಲಹಳ್ಳಿ

ಮಕ್ಕಳೇ, ನಾನು ಜಾಲಹಳ್ಳಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದವಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಶುರುವಾದದ್ದು ಅದು. ನಾನು ಸೇರಿದ್ದು ಅದಕ್ಕಿಂತ ತುಂಬಾ ಈಚೆಗೆ. ನಮ್ಮ ಸಾಲಿನಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಮಿದುಳು ಗಿದುಳು ನನಗೆ ಗೊತ್ತಿಲ್ಲ. ಕೈಯ ವಿಷಯ ಗೊತ್ತು.

ನಮಗೆ ಕಲಿಸಿದ ಹಿರಿಯಕ್ಕ ಒಬ್ಬರಿದ್ದರು. ಹೊಸಬರು ಟ್ವೀಜರ್ ಎತ್ತುವ ಮುಂಚೆ "ಎಲ್ಲಿ, ಬಾಯಲ್ಲಿ ಹೇಳು ನೋಡೋಣ" ಅನ್ನುತ್ತಿದ್ದರು. ಕಾಕನ್ನು ಎಲ್ಲಿ ಹಿಡಿಯುತ್ತೀಯ? ಚಕ್ರ ಯಾವ ಕಡೆ ವಾಲುತ್ತದೆ? ಫೋರ್ಕ್ ಎಡಕ್ಕೆ ಮಲಗಿದೆಯೋ ಬಲಕ್ಕೋ? ಕಲ್ಲು ಯಾವ ಕಡೆಯಿಂದ ಒಳಗೆ ಹೋಗಬೇಕು? ಹೇಳುತ್ತಾ ಹೇಳುತ್ತಾ ಒಂದು ಕಡೆ ತಡವರಿಸುತ್ತಿದ್ದೆವು. ಅವರು ಅಷ್ಟಕ್ಕೆ ನಿಲ್ಲಿಸಿ, ಆ ಜಾಗವನ್ನು ಐ ಗ್ಲಾಸ್‌ನಲ್ಲಿ ತೋರಿಸುತ್ತಿದ್ದರು. ಬೇರೆ ಏನೂ ಹೇಳುತ್ತಿರಲಿಲ್ಲ.

ಟಿಕ್‌ಟಿಕ್, ನಿಮ್ಮ ಮನಸ್ಸಿನ ಚಿತ್ರ ಎಲ್ಲಿ ಮಸುಕಾಗುತ್ತದೆ, ಅದನ್ನು ಮೊದಲು ಹೇಳಿ. ಕೈ ನಡುಗುವುದೂ ಅಲ್ಲೇ ಇರುತ್ತದೆ.

ಟಿಕ್‌ಟಿಕ್_ಮಲ್ಲೇಶ್ವರ

ಅಮ್ಮ, ಈಗಲೇ ಕೂತು ಮಾಡಿ ನೋಡಿದೆ. ಎತ್ತುವುದು ಸ್ಪಷ್ಟ. ಕೆಳಗಿನ ಪಿವಟ್ ಹತ್ತಿರ ತರುವುದು ಸ್ಪಷ್ಟ. ಕೊನೆಗೆ ಸ್ಕ್ರೂ ಹಾಕುವುದೂ ಸ್ಪಷ್ಟ. ನಡುವೆ ಏನೂ ಇಲ್ಲ! ಪಿವಟ್ ಇಳಿದ ಮೇಲೆ ಕಾಕ್ ತನ್ನ ಜಾಗಕ್ಕೆ ಹೇಗೆ ಬರುತ್ತದೆ ಅನ್ನುವುದು ಕಾಣುವುದೇ ಇಲ್ಲ. ಕಟ್ ಮಾಡಿ ಅಂಟಿಸಿದ ಹಾಗೆ ನೇರವಾಗಿ ಸ್ಕ್ರೂಗೆ ಹೋಗುತ್ತದೆ.

ನಿವೃತ್ತ_ಜಾಲಹಳ್ಳಿ

ಸರಿ, ಸಿಕ್ಕಿತು. ನೀವು ಕಾಕನ್ನು ಮೇಲಿಂದ ನೇರ ಇಳಿಸಲು ನೋಡುತ್ತಿದ್ದೀರಿ ಅನ್ನಿಸುತ್ತದೆ. ಹಾಗಲ್ಲ. ಕೆಳಗಿನ ಪಿವಟ್ ಕೂತ ಮೇಲೆ ಕಾಕನ್ನು ಸ್ವಲ್ಪ ತಿರುಗಿಸಿಕೊಂಡು ಬಂದು, ಕಲ್ಲು ಫೋರ್ಕಿನ ಸಂದಿಗೆ ಪಕ್ಕದಿಂದ ಹೋಗುವಂತೆ ಮಾಡಬೇಕು. ಆಮೇಲೆ ಕಾಕಿನ ಕಾಲಿನ ಎರಡು ಮೊಳೆ ತಮ್ಮ ತೂತಿನ ಮೇಲೆ ಬಂದು ನಿಲ್ಲುತ್ತವೆ. ಒತ್ತಬೇಡಿ. ಬೆರಳ ತುದಿಯಲ್ಲಿ ಕಾಕಿನ ತಲೆ ಮೇಲೆ ಹಗುರಾಗಿ ಇಟ್ಟು, ಪ್ಲೇಟನ್ನು ಒಂದಿಷ್ಟು ಅಲುಗಿಸಿ. ಮೇಲಿನ ಪಿವಟ್ ತೂತಿಗೆ ಬಿದ್ದರೆ ಚಕ್ರ ತಾನಾಗಿ ಆಡಲು ಶುರು ಮಾಡುತ್ತದೆ. ಅದು ಆಡುವವರೆಗೆ ಸ್ಕ್ರೂಡ್ರೈವರ್ ಮುಟ್ಟಕೂಡದು. ಬಿಗಿಸುವಾಗಲೂ ಅದು ಆಡುತ್ತಲೇ ಇರಬೇಕು. ನಿಂತರೆ ಅಲ್ಲೇ ನಿಲ್ಲಿಸಿ.

ಇದನ್ನು ಈಗ ಮನಸ್ಸಿನಲ್ಲಿ ಮಾಡಿ ನೋಡಿ.

ಸಂಶಯ_ಪ್ರಾಣಿ

ಅಮ್ಮ, ಇದು ಕಲ್ಪನೆಯ ಮಹಿಮೆ ಅಲ್ಲ, ನಿಮ್ಮ ಪಾಠದ ಮಹಿಮೆ. ಆತನಿಗೆ ಕೆಲಸದ ಒಂದು ಹೆಜ್ಜೆ ಗೊತ್ತಿರಲಿಲ್ಲ, ನೀವು ಹೇಳಿಕೊಟ್ಟಿರಿ. ಅಷ್ಟೇ ಅಲ್ವಾ?

ನಿವೃತ್ತ_ಜಾಲಹಳ್ಳಿ

ಹೌದಪ್ಪ. ಆದರೆ ಯಾವ ಹೆಜ್ಜೆ ಗೊತ್ತಿಲ್ಲ ಅಂತ ಅವರಿಗೇ ಗೊತ್ತಿರಲಿಲ್ಲವಲ್ಲ. "ಕೈ ನಡುಗುತ್ತದೆ" ಅಂತ ತಾನೇ ಬಂದದ್ದು?

ಎಸ್‌ಪಿ_ರೋಡ್_ಬೆಸುಗೆ

ಅಮ್ಮ ಹೊಡೆದರು ಸಿಕ್ಸರ್.

ನಾನು ಎಸ್‌ಪಿ ರೋಡ್ ಹತ್ತಿರ ಫೋನ್ ಬೋರ್ಡ್ ರಿಪೇರಿ ಮಾಡುತ್ತೇನೆ. 01005 ಅನ್ನುವ ಬಿಡಿಭಾಗ ನೋಡಿದ್ದೀರಾ? 0.4 ಮಿಮೀ ಉದ್ದ, 0.2 ಮಿಮೀ ಅಗಲ. ಉಸಿರು ಬಿಟ್ಟರೆ ಹಾರಿಹೋಗುತ್ತದೆ, ತಮಾಷೆ ಅಲ್ಲ. ನನಗೊಂದು ವಿಚಿತ್ರ ಇದೆ. ಕಣ್ಣು ಮುಚ್ಚಿದರೆ ಬರೀ ಕತ್ತಲೆ. ಚಿತ್ರ ಅಂತ ಏನೂ ಬರುವುದಿಲ್ಲ. ಅಮ್ಮನ ಮುಖ ನೆನಪಿಸಿಕೊ ಅಂದರೆ ಗೊತ್ತಿರುತ್ತದೆ, ಕಾಣುವುದಿಲ್ಲ. ಹಾಗಾದರೆ ನನ್ನಂಥವರಿಗೆ ಈ ವಿದ್ಯೆ ಇಲ್ಲವಾ?

ಫಿಸಿಯೋ_ಜಯನಗರ

ಅದಕ್ಕೆ ಅಫ್ಯಾಂಟೇಸಿಯಾ ಅನ್ನುತ್ತಾರೆ. ಕಾಯಿಲೆ ಅಲ್ಲ. ಗಾಲ್ಟನ್ 1880ರಲ್ಲೇ ಜನರಿಗೆ "ಬೆಳಗಿನ ತಿಂಡಿಯ ಟೇಬಲ್ ಮನಸ್ಸಿನಲ್ಲಿ ಎಷ್ಟು ಸ್ಪಷ್ಟ ಕಾಣುತ್ತದೆ" ಅಂತ ಕೇಳಿ ಬರೆದಿಟ್ಟಿದ್ದ. ಕೆಲವರು ಏನೂ ಕಾಣುವುದಿಲ್ಲ ಅಂದಿದ್ದರು. ಹೆಸರು ಬಂದದ್ದು ಮಾತ್ರ 2015ರಲ್ಲಿ, ಆಡಂ ಝೆಮನ್ ಅವರಿಂದ.

ಒಂದು ಪ್ರಶ್ನೆ. ಬಿಸಿ ಗಾಳಿಯ ಗನ್ ಹಿಡಿದು ಆ ಪುಟ್ಟ ತುಂಡು ಕೂರುವಾಗ ಕೈಗೆ ಏನಾಗುತ್ತದೆ, ಅದು ನೆನಪಿಗೆ ಬರುತ್ತದಾ? ನೋಟ ಅಲ್ಲ, ಕೈ.

ಎಸ್‌ಪಿ_ರೋಡ್_ಬೆಸುಗೆ

ಅದು ಬರುತ್ತದೆ! ಬೆಸುಗೆ ಕರಗಿದ ಕ್ಷಣ ತುಂಡು ತಾನೇ ಜಾಗಕ್ಕೆ ಎಳೆದುಕೊಳ್ಳುತ್ತದೆ, ಟ್ವೀಜರ್ ತುದಿಯಲ್ಲಿ ಸಣ್ಣ ಎಳೆತ. ಅದು ಈಗಲೂ ಬೆರಳಲ್ಲಿದೆ.

ಫಿಸಿಯೋ_ಜಯನಗರ

ಹಾಗಿದ್ದರೆ ನಿಮಗೆ ಬೇಕಾದದ್ದು ಇದೆ. ಕಣ್ಣಿನ ಕಲ್ಪನೆ ಬೇರೆ, ಮೈಯ ಕಲ್ಪನೆ ಬೇರೆ. ನಾಜೂಕು ಕೆಲಸಕ್ಕೆ ಎರಡನೆಯದು ಹೆಚ್ಚು ಮುಖ್ಯ ಅಂತ ನನ್ನ ಅಭಿಪ್ರಾಯ. ಚಿತ್ರ ಬರುವವರೂ ಎಷ್ಟೋ ಸಲ ತಮ್ಮನ್ನು ತಾವೇ ಹೊರಗಿನಿಂದ ನೋಡುತ್ತಿರುತ್ತಾರೆ. ಅದರಿಂದ ಬೆರಳಿಗೆ ಸಿಗುವುದು ಕಡಿಮೆ.

ಮಗ್ಗಂ_ಅಕ್ಕ

ಈ ಮಾತಿಗೆ ನಾನು ಸಾಕ್ಷಿ. ಮದುವೆ ಬ್ಲೌಸಿಗೆ ಮಗ್ಗಂ ವರ್ಕ್ ಮಾಡುತ್ತೇನೆ, ರಾಜಾಜಿನಗರ. ಆರಿ ಸೂಜಿಯ ಕೆಲಸದಲ್ಲಿ ಬಲಗೈ ಬಟ್ಟೆ ಮೇಲೆ, ಎಡಗೈ ಬಟ್ಟೆ ಕೆಳಗೆ. ದಾರ ಹಿಡಿದಿರುವುದು ಕೆಳಗಿನ ಕೈ. ಸೂಜಿ ಇಳಿದಾಗ ಅದರ ಕೊಕ್ಕೆಗೆ ದಾರ ಸುತ್ತಿಕೊಡಬೇಕು, ಪ್ರತಿ ಹೊಲಿಗೆಗೂ. ಆ ಕೈ ಕಾಣುವುದೇ ಇಲ್ಲ! ಹೊಸ ಹುಡುಗಿಯರು ಬಗ್ಗಿ ಬಗ್ಗಿ ಫ್ರೇಮಿನ ಕೆಳಗೆ ನೋಡುತ್ತಾರೆ. ನೋಡಿದಷ್ಟೂ ದಾರ ತಪ್ಪುತ್ತದೆ.

ನಾನು ಮಾಡಿಸುವುದು ಇಷ್ಟೇ. ಎರಡೂ ಕೈ ಫ್ರೇಮಿನ ಮೇಲೆಯೇ ಇಟ್ಟುಕೊಂಡು, ಸೂಜಿಯಿಲ್ಲದೆ, ದಾರ ಸುತ್ತುವುದನ್ನು ನಿಧಾನವಾಗಿ ಮಾಡು. ಆಮೇಲೆ ಕೈ ಕೆಳಗಿಟ್ಟು, ಆಡಿಸದೆ, ಮಾಡಿದ ಹಾಗೆ ಅಂದುಕೊ. ಆಮೇಲೆ ಸೂಜಿ. ಬೇಗ ಹತ್ತುತ್ತದೆ.

ಡಿಸೈನಿಗೆ ಮಾತ್ರ ನಾನು ಕಲ್ಪನೆಯನ್ನು ನಂಬುವುದಿಲ್ಲ. ಬಟರ್ ಪೇಪರಿನಲ್ಲಿ ಬರೆದು, ಗೆರೆಯುದ್ದಕ್ಕೂ ತೂತು ಚುಚ್ಚಿ, ಪುಡಿಗೆ ಸೀಮೆಎಣ್ಣೆ ಕಲಸಿ ಒರೆಸಿ ಬಟ್ಟೆಗೆ ಇಳಿಸುತ್ತೇನೆ. ಗೆರೆ ಕಣ್ಣೆದುರು ಇರುವಾಗ ಮನಸ್ಸಿಗೆ ಯಾಕೆ ಹೊರೆ?

ನರ್ಸಮ್ಮ_ಬಸವನಗುಡಿ

ಮಕ್ಕಳ ವಾರ್ಡಿನಲ್ಲಿದ್ದೇನೆ. ಎಳೆ ಮಗುವಿಗೆ ಐವಿ ಹಾಕುವುದು ಅಂದರೆ 24 ಗೇಜಿನ ಹಳದಿ ಕ್ಯಾನುಲಾ, ನೂಲಿನಷ್ಟು ನರ, ಬಾಗಿಲ ಹತ್ತಿರ ಅಜ್ಜಿ ಅಳುತ್ತಿರುತ್ತಾರೆ. ಚುಚ್ಚುವ ಮುಂಚೆ ಬೆರಳಿನಿಂದ ನರ ಸವರಿ, ಅದೇ ಹೊತ್ತಿಗೆ ಮನಸ್ಸಿನಲ್ಲಿ ಒಂದು ಸಲ ಪೂರ್ತಿ ಮಾಡಿಬಿಡುತ್ತೇನೆ. ಸೂಜಿ ಓರೆಯಾಗಿ ಒಳಗೆ. ಹಿಂದೆ ರಕ್ತ ಕಂಡಿತು. ಕೋನ ತಗ್ಗಿಸು. ಒಂದು ಚೂರು ಮುಂದೆ. ಈಗ ಪ್ಲಾಸ್ಟಿಕ್ ನಳಿಕೆ ಮಾತ್ರ ಜಾರಿಸು. ಈ "ಕೋನ ತಗ್ಗಿಸು" ಅನ್ನುವುದೇ ಹೊಸಬರ ಕಲ್ಪನೆಯಲ್ಲಿ ಇರುವುದಿಲ್ಲ. ರಕ್ತ ಕಂಡ ಖುಷಿಯಲ್ಲಿ ಅಲ್ಲಿಗೇ ಮುಗಿಯಿತು ಅಂದುಕೊಂಡಿರುತ್ತಾರೆ.

ನನ್ನದೊಂದು ಪ್ರಶ್ನೆ ಇದೆ. ಮಗು ಕೊಸರುವುದನ್ನೂ ನಾನು ಕಲ್ಪಿಸಿಕೊಳ್ಳುತ್ತೇನೆ. ಕೆಟ್ಟದ್ದನ್ನು ಅಂದುಕೊಳ್ಳಬಾರದು, ಹಾಗೇ ಆಗುತ್ತದೆ ಅಂತ ಜೊತೆಯವರು ಹೇಳುತ್ತಾರೆ. ಯಾವುದು ಸರಿ?

ಫಿಸಿಯೋ_ಜಯನಗರ

ಜೊತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. 1985ರಲ್ಲಿ ವೂಲ್‌ಫೋಕ್ ಮತ್ತು ಜೊತೆಗಾರರು ಗಾಲ್ಫ್ ಚೆಂಡು ಕುಳಿಗೆ ತಳ್ಳುವವರ ಮೇಲೆ ನೋಡಿದರು. ಚೆಂಡು ಕೂದಲೆಳೆಯಲ್ಲಿ ತಪ್ಪಿಹೋದಂತೆ ಕಲ್ಪಿಸಿಕೊಂಡವರ ಆಟ ಕೆಟ್ಟಿತು. ಒಳಗೆ ಬಿದ್ದಂತೆ ಕಲ್ಪಿಸಿಕೊಂಡವರದ್ದು ಸುಧಾರಿಸಿತು. ಆದರೆ ನೀವು ಸೋಲಿನಲ್ಲಿ ನಿಲ್ಲಿಸುತ್ತಿಲ್ಲ ಅಲ್ವಾ? ಮಗು ಕೊಸರಿದಾಗ ಏನು ಮಾಡುತ್ತೀರಿ?

ನರ್ಸಮ್ಮ_ಬಸವನಗುಡಿ

ನನ್ನ ಕಿರುಬೆರಳು ಮಗುವಿನ ಕೈ ಮೇಲೆಯೇ ಊರಿರುತ್ತದೆ. ಮಗುವಿನ ಕೈ ಹೋದ ಕಡೆ ನನ್ನ ಕೈಯೂ ಹೋಗುತ್ತದೆ. ಸೂಜಿ ಅಲುಗುವುದಿಲ್ಲ.

ಫಿಸಿಯೋ_ಜಯನಗರ

ಹಾಗಾದರೆ ನೀವು ಕಲ್ಪಿಸಿಕೊಳ್ಳುತ್ತಿರುವುದು ತಪ್ಪನ್ನಲ್ಲ, ಉತ್ತರವನ್ನು. ಬಿಡಬೇಡಿ.

ಹಲ್ಲಿನ_ಪಿಜಿ

ಡೆಂಟಲ್ ಪಿಜಿ ವಿದ್ಯಾರ್ಥಿ. ಮೇಲ್ದವಡೆಯ ಹಿಂದಿನ ಹಲ್ಲುಗಳ ಕೆಲಸ ನಾವು ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡು ಮಾಡುತ್ತೇವೆ. ಕನ್ನಡಿಯಲ್ಲಿ ದಿಕ್ಕು ತಿರುಗುಮುರುಗು. ಮೊದಲ ವರ್ಷ ಪ್ಲಾಸ್ಟಿಕ್ ಹಲ್ಲಿನ ಮೇಲೆ ಬರ್ (ಹಲ್ಲು ಕೊರೆಯುವ ಪುಟ್ಟ ಮೊನೆ) ಹಿಡಿದಾಗ ಎಡಕ್ಕೆ ಅಂದರೆ ಬಲಕ್ಕೆ ಹೋಗುತ್ತಿತ್ತು. ರಾತ್ರಿ ಮಲಗುವ ಮುಂಚೆ ಕನ್ನಡಿಯೊಳಗಿನ ಹಲ್ಲನ್ನು ಕಲ್ಪಿಸಿಕೊಂಡು ಕೈ ಎತ್ತ ಹೋಗಬೇಕು ಅಂತ ಯೋಚಿಸುತ್ತಿದ್ದೆ. ನೆರವಾಯಿತು. ಆದರೆ ಕನ್ನಡಿ ಹಿಡಿದು ಕಾಗದದ ಮೇಲೆ ಗೆರೆ ಎಳೆದು ಅಭ್ಯಾಸ ಮಾಡಿದ್ದು ಇನ್ನೂ ಜಾಸ್ತಿ ನೆರವಾಯಿತು. ಪ್ರಾಮಾಣಿಕವಾಗಿ ಹೇಳುತ್ತಿದ್ದೇನೆ.

ಸರ್ಜರಿ ಕಡೆಯೂ ಪ್ರಯೋಗ ನಡೆದಿದೆ. 2011ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಹೊಸಬರಿಗೆ ಸಿಮ್ಯುಲೇಟರಿನಲ್ಲಿ ಪಿತ್ತಕೋಶ ತೆಗೆಯುವ ಆಪರೇಷನ್ ಮಾಡಿಸಿದರು. ಪ್ರತಿ ಸಲ ಮುಂಚೆ ಅರ್ಧ ಗಂಟೆ ಮನಸ್ಸಿನಲ್ಲಿ ಮಾಡಿಕೊಂಡವರ ಕೆಲಸದ ಗುಣಮಟ್ಟ ಉಳಿದವರಿಗಿಂತ ಚೆನ್ನಾಗಿತ್ತು. ಅವರಿಗೆ ಸುಮ್ನೆ "ಕಲ್ಪಿಸಿಕೊಳ್ಳಿ" ಅಂತ ಬಿಟ್ಟಿರಲಿಲ್ಲ. ಹಂತ ಹಂತವಾಗಿ ಬರೆದ ಪಾಠ ಇತ್ತು, ಏನು ಕಾಣುತ್ತದೆ, ಕೈಗೆ ಏನು ತಿಳಿಯುತ್ತದೆ ಅಂತ. ಅಮ್ಮ ಮೇಲೆ ಬರೆದ ಹಾಗೆಯೇ.

ಹರಳು_ನಗರ್ತಪೇಟೆ

ಎಲ್ಲ ಸರಿ, ಒಂದು ಮಾತು ಯಾರೂ ಹೇಳಲಿಲ್ಲ. ನಮ್ಮದು ಹರಳು ಕೂರಿಸುವ ಕೆಲಸ. ವಜ್ರಕ್ಕೆ ಹಾಕುವ ಒತ್ತಡವನ್ನು ಪಚ್ಚೆಗೆ ಹಾಕಿದರೆ ಪಚ್ಚೆ ಒಡೆಯುತ್ತದೆ. ಪಚ್ಚೆ ಕೂರಿಸಿ ಗೊತ್ತಿಲ್ಲದವನು ಎಷ್ಟು ಕಣ್ಣು ಮುಚ್ಚಿ ಕೂತರೂ ಆ ಒತ್ತಡ ಎಲ್ಲಿಂದ ತರುತ್ತಾನೆ? ಮೊದಲು ಕೈಗೆ ಒಂದು ಸಲವಾದರೂ ಗೊತ್ತಾಗಬೇಕು. ಆಮೇಲೆ ಬೇಕಾದರೆ ನೆನಪು ಮಾಡಿಕೊಳ್ಳಲಿ. ನಮ್ಮಲ್ಲಿ ಹುಡುಗರಿಗೆ ಮೊದಲು ಅಗ್ಗದ ಕಲ್ಲು ಕೊಟ್ಟು ಒಡೆಯಲು ಬಿಡುತ್ತೇವೆ.

ಸಂಶಯ_ಪ್ರಾಣಿ

ಈ ಯಜಮಾನರ ಮಾತಿಗೆ ನನ್ನ ವೋಟು.

ಫಿಸಿಯೋ_ಜಯನಗರ

ನನ್ನದೂ. ಗೊತ್ತಿಲ್ಲದ ಸ್ಪರ್ಶವನ್ನು ಕಲ್ಪಿಸಿಕೊಳ್ಳಲು ಆಗುವುದಿಲ್ಲ. 1994ರಲ್ಲಿ ಡ್ರಿಸ್ಕೆಲ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗಲೂ ಇದೇ ಬಂತು. ಮನಸ್ಸಿನ ಅಭ್ಯಾಸದಿಂದ ಲಾಭ ಇದೆ, ಆದರೆ ನಿಜವಾದ ಅಭ್ಯಾಸದಷ್ಟಲ್ಲ. ಯೋಚನೆ, ಅನುಕ್ರಮ ಜಾಸ್ತಿ ಇರುವ ಕೆಲಸದಲ್ಲಿ ಲಾಭ ಹೆಚ್ಚು, ಬರೀ ಬಲದ ಕೆಲಸದಲ್ಲಿ ಕಡಿಮೆ. ದಿನ ಕಳೆದ ಹಾಗೆ ಪರಿಣಾಮ ಇಳಿಯುತ್ತದೆ. ತುಂಬಾ ಹೊತ್ತು ಎಳೆದರೂ ಪ್ರಯೋಜನವಿಲ್ಲ, ಒಂದು ಸಲಕ್ಕೆ ಸುಮಾರು 20 ನಿಮಿಷ ಸಾಕು. ನನ್ನ ಕೇಳಿದರೆ ಇನ್ನೂ ಕಡಿಮೆ. ಬ್ಯಾಲೆನ್ಸ್‌ನಂಥ ಕೆಲಸಕ್ಕೆ ಗಮನ ಅಲೆಯುವ ಮುಂಚೆ ನಿಲ್ಲಿಸಿ.

ಟಿಕ್‌ಟಿಕ್_ಮಲ್ಲೇಶ್ವರ

ಇವತ್ತು ಮಾಡಿದ್ದು ಹೇಳುತ್ತೇನೆ. ಊಟದ ಟೇಬಲ್ ಮೇಲೆ ಗಟ್ಟಿ ಪೆಟ್ಟಿಗೆ ಇಟ್ಟು ಎತ್ತರಿಸಿದೆ, ಮೊಣಕೈ ಎರಡೂ ಊರಿದೆ. ಸಂಜೆ ಕಾಫಿ ಬಿಟ್ಟೆ. ಸಂಶಯ ಸರ್, ನಡುಕ ಅರ್ಧಕ್ಕರ್ಧ ಇಳಿದದ್ದು ಅದರಿಂದಲೇ, ಒಪ್ಪುತ್ತೇನೆ. ಆಮೇಲೆ ಟ್ವೀಜರ್ ಕೈಯಲ್ಲಿಟ್ಟುಕೊಂಡು, ಜಾಲಹಳ್ಳಿ ಅಮ್ಮ ಹೇಳಿದ ಆ ತಿರುಗಿಸುವ ಹೆಜ್ಜೆಯನ್ನು ಮಾತ್ರ ಮನಸ್ಸಿನಲ್ಲಿ ಮತ್ತೆ ಮತ್ತೆ ಮಾಡಿದೆ. ಉಳಿದದ್ದು ಮುಟ್ಟಲಿಲ್ಲ. ಬ್ಯಾಲೆನ್ಸ್ ಕೂತಿತು. ಚಕ್ರ ಆಡಲು ಶುರು ಮಾಡಿದ ಮೇಲೆಯೇ ಸ್ಕ್ರೂ.

ಒಂದು ಅನುಮಾನ ಉಳಿದಿದೆ. ಬಲಗೈಯಲ್ಲಿ ಟ್ವೀಜರ್ ಇದ್ದಾಗ ಎಡಗೈ ಏನು ಮಾಡಬೇಕು? ನನ್ನ ಚಿತ್ರದಲ್ಲಿ ಎಡಗೈ ಇಲ್ಲವೇ ಇಲ್ಲ.

ಮಗ್ಗಂ_ಅಕ್ಕ

ಹಹಹ, ನೋಡಿದಿರಾ, ಎಲ್ಲರೂ ಎಡಗೈ ಮರೆಯುತ್ತಾರೆ!

ನಿವೃತ್ತ_ಜಾಲಹಳ್ಳಿ

ಎಡಗೈ ಮೂವ್‌ಮೆಂಟ್ ಹೋಲ್ಡರ್, ಅಂದರೆ ವಾಚಿನ ಒಳಯಂತ್ರ ಕೂರಿಸುವ ಹಿಡಿಕೆ, ಹಿಡಿದಿರಬೇಕು. ತಿರುಗಿಸುವ ಕೆಲಸದಲ್ಲಿ ಅರ್ಧ ಅದೇ ಮಾಡುತ್ತದೆ. ಕಾಕನ್ನು ಬಲಗೈಯಲ್ಲಿ ಸುಮ್ಮನೆ ಹಿಡಿದು, ಎಡಗೈಯಲ್ಲಿ ಹೋಲ್ಡರ್ ತಿರುಗಿಸಿದರೆ ಚಕ್ರ ಕಡಿಮೆ ಜೋತಾಡುತ್ತದೆ.

ಇನ್ನೊಂದು. ಒಳ್ಳೆ ಜನತಾ ಮೇಲೆ ಕಲಿಯಬೇಡಿ. ಚಿಕ್ಕಪೇಟೆ ಕಡೆ ಸಂಡೆ ಬಜಾರಿನಲ್ಲಿ ಡಯಲ್ ಇಲ್ಲದ, ಗಾಜಿಲ್ಲದ ಹಳೇ ಮೂವ್‌ಮೆಂಟ್ ಸಿಗುತ್ತವೆ. ಬ್ಯಾಲೆನ್ಸ್ ಆಡುವಂಥದ್ದು ನೋಡಿ ತನ್ನಿ, ಉಳಿದದ್ದು ಕೆಟ್ಟಿದ್ದರೂ ಪರವಾಗಿಲ್ಲ. ಬೆಳಿಗ್ಗೆ ಬೇಗ ಹೋಗಿ, ಚೌಕಾಸಿ ಮಾಡಿ.